ಭಾವನ ಮೌತ್‌ಪೀಸ್ ಮತ್ತು 0.05 ಬ್ಲೇಡು

ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಜಾತ್ರೆ, ಕೋಲಗಳ ಕಾಲ ಮುಗಿಯುವ ದಿನ, ಕಳೆದು ನಾಲ್ಕು ದಿನ ಆಗಿತ್ತು. ಅಕ್ಕನ ಮನೆಗೆ ಹೋದಾಗ ಭಾವ ಜಗಲಿಯಲ್ಲಿ ಕೂತು ಸ್ಯಾಕ್ಸೋಫೋನಿನ ರೀಡ್, ಅಂದರೆ ಊದಿದಾಗ ಅದುರಿ ಸ್ವರ ಹುಟ್ಟಿಸುವ ತೆಳು ಪಟ್ಟಿ, ಬದಲಾಯಿಸುತ್ತಾ ಇದ್ದರು. ಮುಂದೆ ಸ್ಟೀಲ್ ತಟ್ಟೆ, ಅದರಲ್ಲಿ ಹನ್ನೊಂದು ರೀಡು. ಒಂದನ್ನು ಕಟ್ಟುವುದು, ಊದುವುದು, ಬೈಯುವುದು, ಬಿಚ್ಚುವುದು.

"ಮೂರು ಬಾಕ್ಸ್ ಮುಗೀತು ಮಾರಾಯ. ಒಂದೂ ಸರಿ ಇಲ್ಲ. ಈಗ ಬರುವ ರೀಡೇ ಹಾಗೆ ಕಾಣ್ತದೆ."

ಹನ್ನೊಂದಕ್ಕೆ ಹನ್ನೊಂದೂ ಕೆಟ್ಟಿರುವುದು ಹೇಗೆ? ನಾನು ಟೂಲ್‌ರೂಮಿನವನು. ಹನ್ನೊಂದು ಜಾಬ್ (ಕೆಲಸಕ್ಕೆ ಹಾಕಿದ ತುಂಡು) ಒಂದೇ ರೀತಿ ಕೆಟ್ಟು ಬಂದರೆ ನಾವು ಜಾಬ್ ನೋಡುವುದಿಲ್ಲ, ಅದನ್ನು ಹಿಡಿದಿಡುವ ಫಿಕ್ಸ್ಚರ್ ನೋಡುತ್ತೇವೆ. ಇಲ್ಲಿ ಫಿಕ್ಸ್ಚರ್ ಅಂದರೆ ಮೌತ್‌ಪೀಸ್, ರೀಡ್ ಕಟ್ಟಿ ಬಾಯಿಗೆ ಇಡುವ ತುಂಡು.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು. ಮಂಗಳೂರು, ಉಡುಪಿ ಸುತ್ತ ಮದುವೆ, ಜಾತ್ರೆ, ದೇವರ ಬಲಿ ಅಂದರೆ ಸ್ಯಾಕ್ಸೋಫೋನ್ ಇರಲೇಬೇಕು. ಈ ಬೆಲ್ಜಿಯಂ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದವರು ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದವರು. 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಅವರನ್ನು ಕೇಳಿ ಹಟ ಹಿಡಿದು ಕಲಿತವರು ಇಲ್ಲಿ ಊರೂರಿಗೆ ಇದ್ದಾರೆ. ಭಾವ ಅವರಲ್ಲೊಬ್ಬರು. ದೀಪಾವಳಿಯಿಂದ ಪತ್ತನಾಜೆವರೆಗೆ ಅವರ ಕೈಗೆ ಪುರುಸೊತ್ತಿಲ್ಲ. ಗಮಕ ಅರ್ಧಕ್ಕರ್ಧ ತುಟಿ ಮತ್ತು ದವಡೆಯಲ್ಲಿ ಹುಟ್ಟುತ್ತದೆ. ತುಟಿ ಸಡಿಲಿಸಿದರೆ ಸ್ವರ ಜಾರಬೇಕು, ಬಿಗಿದರೆ ಏರಬೇಕು. ಮೌತ್‌ಪೀಸಿನಲ್ಲಿ ಗಾಳಿ ಸೋರಿದರೆ ಈ ಆಟ ನಡೆಯುವುದಿಲ್ಲ.

ಅವರ ದೂರು ಮೂರು. ಕೆಳಗಿನ ಸ್ವರ ಮೆಲ್ಲನೆ ಊದಿದರೆ ಹೊರಡುವುದೇ ಇಲ್ಲ, ಜೋರಾಗಿ ನೂಕಬೇಕು. ನಡುವೆ ಕೀಚು ಅಂತ ಕೂಗುತ್ತದೆ. ಸ್ವಲ್ಪ ಗಟ್ಟಿ ರೀಡ್ ಹಾಕಿದರೆ ಬರೀ ಉಸಿರಿನ ಸದ್ದು. ಹಾಗಾಗಿ ಎರಡೂವರೆ ನಂಬರಿನಿಂದ ಎರಡಕ್ಕೆ ಇಳಿದಿದ್ದರು.

ಮೌತ್‌ಪೀಸ್ ಆಲ್ಟೊ ಅನ್ನುವ ಸೈಜಿನ ಸ್ಯಾಕ್ಸೋಫೋನಿನದ್ದು, ಕಪ್ಪು ಎಬೊನೈಟು, ಅಂದರೆ ಗಟ್ಟಿ ರಬ್ಬರು. ಮೈಮೇಲೆ 5 ಅಂತ ಇದೆ. ಆ ಕಂಪನಿಯ ಹೆಸರು ಇಲ್ಲಿ ಬೇಡ.

ಮೊದಲು ಒಂದು ಬಿಟ್ಟಿ ಪರೀಕ್ಷೆ ಮಾಡಿದೆವು. ರೀಡ್ ಒದ್ದೆ ಮಾಡಿ ಕಟ್ಟಿ, ಹಿಂಬದಿಯ ತೂತನ್ನು ಅಂಗೈಯಿಂದ ಮುಚ್ಚಿ, ಬಾಯಿಂದ ಗಾಳಿ ಎಳೆದು ಮೌತ್‌ಪೀಸನ್ನು ಹೊರಗೆ ತೆಗೆಯುವುದು. ರೀಡ್ ಸರಿಯಾಗಿ ಕೂತಿದ್ದರೆ ಒಂದೆರಡು ಸೆಕೆಂಡು ಅಂಟಿಕೊಂಡೇ ಇದ್ದು ಆಮೇಲೆ 'ಟಪ್' ಅಂತ ಬಿಡುತ್ತದೆ. ಇದು ಬಾಯಿಂದ ತೆಗೆಯುವ ಮೊದಲೇ ಬಿಟ್ಟಿತು. ಐದು ರೀಡಿನಲ್ಲಿ ನೋಡಿದರೂ ಅದೇ. ಮಳೆಗಾಲದಲ್ಲಿ ರೀಡೂ ಸೊಟ್ಟಗಾಗುತ್ತದೆ, ನಿಜ. ಆದರೆ ಐದೂ ಒಂದೇ ರೀತಿ ಆಗುವುದಿಲ್ಲ.

ಅಳೆಯಬೇಕಾದ್ದು ಏನು?

ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇನೆ. ರೀಡಿನ ಬುಡ ಕೂರುವ ಚಪ್ಪಟೆ ಜಾಗಕ್ಕೆ ಟೇಬಲ್ ಅನ್ನುತ್ತಾರೆ. ಅದರ ಮುಂದೆ ಕಿಟಕಿಯ ಹಾಗೆ ತೆರೆದ ಜಾಗ, ಅದರ ಎರಡು ಪಕ್ಕಕ್ಕೆ ಸಪೂರ ಅಂಚು. ಈ ಅಂಚು ಟೇಬಲಿನ ಮಟ್ಟದಿಂದ ಮೆಲ್ಲಗೆ ಬಾಗುತ್ತಾ ತುದಿಗೆ ಹೋಗುತ್ತದೆ. ಈ ಬಾಗುವಿಕೆಯೇ ಫೇಸಿಂಗ್. ತುದಿಯಲ್ಲಿ ರೀಡಿಗೂ ಮೌತ್‌ಪೀಸಿಗೂ ನಡುವೆ ಎಷ್ಟು ಸಂದು ಇದೆಯೋ ಅದು ಟಿಪ್ ಓಪನಿಂಗ್. ಆಲ್ಟೊದಲ್ಲಿ 5 ನಂಬರ್ ಅಂದರೆ ಹೆಚ್ಚಾಗಿ .071 ಇಂಚಿನ ಆಸುಪಾಸು, 1.80 ಮಿ.ಮೀ. ಕಂಪನಿಯಿಂದ ಕಂಪನಿಗೆ ನಂಬರಿನ ಅರ್ಥ ಬದಲಾಗುತ್ತದೆ. ಚಪ್ಪಲಿ ಸೈಜಿನ ಹಾಗೆ ಅಂತ ಇಟ್ಟುಕೊಳ್ಳಿ.

ಅಂದರೆ ನೋಡಬೇಕಾದ್ದು ನಾಲ್ಕು. ತುದಿ ಎಷ್ಟು ತೆರೆದಿದೆ, ಬಾಗುವಿಕೆ ಎಲ್ಲಿಂದ ಶುರುವಾಗುತ್ತದೆ, ನಡುವೆ ಹೇಗೆ ಹೋಗುತ್ತದೆ, ಎಡ ಬಲ ಒಂದೇ ಇದೆಯಾ. ಐದನೆಯದೂ ಒಂದು ಇತ್ತು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನನ್ನ ಮೊದಲ ಪೆದ್ದುತನ ಡಿಜಿಟಲ್ ವರ್ನಿಯರ್. ಕಿಸೆಯಲ್ಲೇ ಇತ್ತು, ತೆಗೆದು ತುದಿ ಅಳೆದೆ. ಸ್ಕೇಲನ್ನು ಟೇಬಲಿಗೆ ಒತ್ತಿ ಹಿಡಿದು, ಹಿಂದಿನ ಡೆಪ್ತ್ ರಾಡನ್ನು ತುದಿಗೆ ತಾಗಿಸಿದೆ. ಮೊದಲ ಸಲ 1.72. ಇನ್ನೊಮ್ಮೆ 1.91. ಮತ್ತೊಮ್ಮೆ 1.84. ಭಾವ ಪಕ್ಕದಲ್ಲೇ ಕೂತು ನೋಡುತ್ತಿದ್ದರು.

"ಇದು ಮೌತ್‌ಪೀಸ್ ಅಳೀತದಾ, ಲಾಟರಿ ನಂಬರ್ ಹೇಳ್ತದಾ?"

ವರ್ನಿಯರ್ ಕೆಟ್ಟದಲ್ಲ. ಎರಡು ಸಮತಲದ ನಡುವೆ ಜಾಬ್ ಹಿಡಿದು ಅಳೆಯಲಿಕ್ಕೆ ಅದು ಇರುವುದು. ಇಲ್ಲಿ ಒಂದು ಕಡೆ ಟೇಬಲ್, ಇನ್ನೊಂದು ಕಡೆ ಹತ್ತಿರ ಹತ್ತಿರ ಒಂದು ಮಿ.ಮೀ. ಅಗಲದ, ಓರೆಯಾಗಿ ಇಳಿಯುವ ತುದಿ. ರಾಡ್ ತುದಿಯ ಅಂಚಿಗೆ ತಾಗುವ ಬದಲು ಅರ್ಧ ಮಿ.ಮೀ. ಒಳಗೆ ತಾಗಿದರೆ ಸಾಕು, 0.07 ಕಡಿಮೆ ತೋರಿಸುತ್ತದೆ, ಯಾಕೆಂದರೆ ಅಲ್ಲಿ ಇಳಿಜಾರು ಮಿ.ಮೀ.ಗೆ ಸುಮಾರು 0.14ರಷ್ಟು. ಆಲ್ಟೊದಲ್ಲಿ 0.07 ಅಂದರೆ ಅರ್ಧ ಸೈಜಿನಷ್ಟು ವ್ಯತ್ಯಾಸ. ಪರದೆಯಲ್ಲಿ ಎರಡು ದಶಾಂಶ ಕಂಡ ಕೂಡಲೇ ನಂಬಿಕೆ ಬರುತ್ತದೆ ನೋಡಿ, ಅದೇ ಅಪಾಯ.

ಗ್ಯಾರೇಜಿನ ಫಿಲ್ಲರ್, ಗ್ಲಾಸ್ ಅಂಗಡಿಯ ತುಂಡು

ಮೌತ್‌ಪೀಸ್ ಕೆಲಸದವರ ಹಳೆಯ ಪದ್ಧತಿ ಬೇರೆ. ಅಮೆರಿಕದ ಎಲ್ಕ್‌ಹಾರ್ಟ್ ಊರಿನ ಎರಿಕ್ ಬ್ರ್ಯಾಂಡ್ ಅದನ್ನು ಬಳಕೆಗೆ ತಂದವರು. ಗೆರೆ ಹಾಕಿದ ದಪ್ಪ ಗಾಜಿನ ತುಂಡನ್ನು ಟೇಬಲಿಗೆ ತಾಗಿಸಿ ಹಿಡಿಯಬೇಕು. ಗಾಜು ರೀಡಿನ ಪಾತ್ರ ಮಾಡುತ್ತದೆ. ಗಾಜಿಗೂ ಅಂಚಿಗೂ ನಡುವಿನ ಸಂದಿಗೆ ತುದಿಯ ಕಡೆಯಿಂದ ಫೀಲರ್ ಗೇಜಿನ (ಬೇರೆ ಬೇರೆ ದಪ್ಪದ ಉಕ್ಕಿನ ಪಟ್ಟಿಗಳ ಕಂತೆ) ಬ್ಲೇಡು ತೂರಿಸಬೇಕು. ಬ್ಲೇಡು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಂದು ಬ್ಲೇಡಿನಷ್ಟೇ ದಪ್ಪ. ತೆಳು ಬ್ಲೇಡು ದೂರ ಹೋಗುತ್ತದೆ, ದಪ್ಪದ್ದು ಬೇಗ ನಿಲ್ಲುತ್ತದೆ. ಐದಾರು ಬ್ಲೇಡು ಹಾಕಿದರೆ ಇಡೀ ಬಾಗುವಿಕೆ ಕಾಗದದ ಮೇಲೆ ಬರುತ್ತದೆ.

ಫೀಲರ್ ಗೇಜ್ ಯಾವ ಆಟೋಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಬೈಕಿನ ಟ್ಯಾಪೆಟ್ ಸೆಟ್ ಮಾಡಲಿಕ್ಕೆ ಬಳಸುವುದು ಅದೇ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು 'ಫಿಲ್ಲರ್'. 0.05ರಿಂದ 1.00 ಮಿ.ಮೀ.ವರೆಗಿನ 20 ಬ್ಲೇಡಿನ ಸೆಟ್ ತಂದೆ. ಗಾಜಿಗೆ ಕಿಟಕಿಯ 4 ಮಿ.ಮೀ. ತುಂಡು ಬೇಡ, ಅದು ಬಾಗುತ್ತದೆ. ಗ್ಲಾಸ್ ಅಂಗಡಿಯಲ್ಲಿ ಬಿಸಾಡಲಿಕ್ಕೆ ಇಟ್ಟ 8 ಮಿ.ಮೀ. ತುಂಡು ಕೇಳಿ, ಅಂಚು ಉಜ್ಜಿಸಿಕೊಂಡೆ. ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ಗೆರೆಗೆ ಕಂಪ್ಯೂಟರಿನಲ್ಲಿ ಒಂದು ಸ್ಕೇಲ್ ಬರೆದು ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ತೆಗೆಸಿದೆ.

ಅಕ್ಕನ ಊಟದ ಮೇಜಿನ ಮೇಲೆ ಅಳತೆ ಶುರುವಾಯಿತು. 0.05 ಬ್ಲೇಡನ್ನು ಅಡ್ಡಕ್ಕೆ ಹಿಡಿದು, ಎರಡೂ ಅಂಚಿನ ಮೇಲೆ ಕೂರುವ ಹಾಗೆ, ತುದಿಯಿಂದ ಮೆಲ್ಲನೆ ಒಳಕ್ಕೆ ಜಾರಿಸಿದೆ. ತುದಿಯಿಂದ ಎಡಗಡೆ 23, ಬಲಗಡೆ 21.5 ಮಿ.ಮೀ.ನಲ್ಲಿ ನಿಂತಿತು. ಬ್ಲೇಡು ಓರೆಯಾಗಿ ನಿಂತದ್ದು ಕಣ್ಣಿಗೇ ಕಾಣುತ್ತಿತ್ತು.

"ಸಿಕ್ಕಿತು ಭಾವ. ಬಲದ ಅಂಚು ಎತ್ತರ ಇದೆ. ಗಾಳಿ ಅಲ್ಲೇ ಸೋರುವುದು."

ಒದ್ದೆ ಮಾಡಿದ 600ರ ವಾಟರ್ ಪೇಪರಿನ (ಉಜ್ಜುವ ಮರಳು ಕಾಗದ) ಮೇಲೆ ಬಲದ ಅಂಚನ್ನು ಆರು ಸಲ ಎಳೆದೆ. ಮತ್ತೆ ಅಳೆದೆ. ಎಡ 23, ಬಲ 23. ಚಂದದ ಅಂಕಿ. ಖುಷಿಯಲ್ಲಿ ರೀಡ್ ಕಟ್ಟಿ 'ಟಪ್' ಪರೀಕ್ಷೆ ಮಾಡಿದರೆ ಮೊದಲಿಗಿಂತ ಕೆಟ್ಟದು. ಭಾವ ಊದಿ ನೋಡಿದರು. ಏನೂ ಹೇಳಲಿಲ್ಲ, ವಾದ್ಯ ಪೆಟ್ಟಿಗೆಯಲ್ಲಿಟ್ಟು ಹಲ್ಲುಜ್ಜಲು ಹೋದರು. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಬೆಳಿಗ್ಗೆ ಎದ್ದು ಇನ್ನೊಮ್ಮೆ ಅಳೆದೆ. ಎಡ 21, ಬಲ 23. ರಾತ್ರಿ ಯಾರೂ ಮುಟ್ಟಿಲ್ಲ. ಮೌತ್‌ಪೀಸ್ ಬದಲಾಗಿಲ್ಲ ಅಂದರೆ ಬದಲಾದದ್ದು ನನ್ನ ಅಳತೆ. ಪೇಪರ್ ಮಡಚಿ ಒಳಗಿಟ್ಟೆ. ಸೋಮವಾರ ಮೌತ್‌ಪೀಸನ್ನು ಬೈಕಂಪಾಡಿಗೆ, ನನ್ನ ಟೂಲ್‌ರೂಮಿಗೆ ಕೊಂಡುಹೋದೆ.

ಅಳತೆಯನ್ನೇ ಅಳೆದದ್ದು

ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದೊಂದೇ ಸಾಮಾನನ್ನು ಕಟಕಟೆಗೆ ಹತ್ತಿಸಿದೆ.

ಮೊದಲು ಸ್ಕೇಲ್. ಪ್ರಿಂಟ್ ಹಾಳೆಯ 50 ಮಿ.ಮೀ. ಗೆರೆಯನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟರೆ 48.5 ಇತ್ತು. ಪ್ರಿಂಟರ್ ಪುಟಕ್ಕೆ ಹೊಂದಿಸುತ್ತೇನೆ ಅಂತ ತಾನೇ 97 ಪರ್ಸೆಂಟಿಗೆ ಕುಗ್ಗಿಸಿಬಿಟ್ಟಿದೆ. ನಾನು 23 ಅಂತ ಓದಿದ್ದು ನಿಜದಲ್ಲಿ 22.3. ಎಡಬಲ ಹೋಲಿಸಲಿಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ಬೇರೆಯವರ ಅಂಕಿಯ ಪಕ್ಕ ಇಟ್ಟರೆ ಎಲ್ಲ ಸುಳ್ಳು.

ಎರಡನೆಯದು ಆ ಹಾಳೆಯನ್ನು ಅಂಟಿಸಿದ ಜಾಗ. ಗಾಜಿನ ಹಿಂಬದಿಗೆ ಅಂಟಿಸಿದ್ದೆ. ಗೆರೆಗೂ ಬ್ಲೇಡಿಗೂ ನಡುವೆ 8 ಮಿ.ಮೀ. ಗಾಜು. ನೇರ ಮೇಲಿನಿಂದ ನೋಡಿದರೆ ಸರಿ. ತಲೆ ಹತ್ತು ಡಿಗ್ರಿ ಅತ್ತ ಇತ್ತ ವಾಲಿದರೆ ಓದುವಾಗ ಹತ್ತಿರ ಹತ್ತಿರ ಒಂದು ಮಿ.ಮೀ. ತಪ್ಪುತ್ತದೆ. ಹಾಗಂತ ಹಾಳೆಯನ್ನು ಮುಂಬದಿಗೆ ಅಂಟಿಸಿ ಅದರ ಮೇಲೆ ಮೌತ್‌ಪೀಸ್ ಕೂರಿಸುವುದೂ ಸರಿ ಅಲ್ಲ. ಹಾಳೆ, ಅಂಟು, ಅದರಡಿಯ ಗಾಳಿಗುಳ್ಳೆ ಎಲ್ಲ ಸೇರಿ ಸಮತಲ ಹೋಯಿತು. ಕೊನೆಗೆ ಹಾಳೆಯನ್ನು ಎರಡಾಗಿ ಕತ್ತರಿಸಿ, ನಡುವೆ 20 ಮಿ.ಮೀ. ಬರಿ ಗಾಜು ಬಿಟ್ಟು, ಮೌತ್‌ಪೀಸಿನ ಎಡಕ್ಕೊಂದು ಬಲಕ್ಕೊಂದು ಮುಂಬದಿಯಲ್ಲೇ ಅಂಟಿಸಿದೆ. ಈಗ ಗೆರೆ ಮತ್ತು ಬ್ಲೇಡು ಒಂದೇ ಮಟ್ಟದಲ್ಲಿ.

ಮೂರನೆಯದು ಬ್ಲೇಡುಗಳು. ಮೈಕ್ರೋಮೀಟರಿಗೆ ಹಾಕಿದೆ. ದಪ್ಪದಲ್ಲಿ ತಪ್ಪಿರಲಿಲ್ಲ, ಆದರೆ ಎಣ್ಣೆ ಇತ್ತು. ಹೊಸ ಸೆಟ್ಟಿಗೆ ತುಕ್ಕು ಹಿಡಿಯಬಾರದು ಅಂತ ಹಚ್ಚಿ ಕೊಡುತ್ತಾರೆ. ಎರಡು ಬ್ಲೇಡು ಜೋಡಿಸಿದರೆ ನಡುವೆ ಎಣ್ಣೆ ಪದರ ಸೇರಿ 0.01, 0.02 ಜಾಸ್ತಿ ಬರುತ್ತದೆ. ಪೆಟ್ರೋಲಿನಲ್ಲಿ ಒರೆಸಿ ತೆಗೆದೆ. 0.05 ಬ್ಲೇಡು ಮಾತ್ರ ಬಾಳೆಲೆಯ ಸುಳಿಯ ಹಾಗೆ, ಮುಟ್ಟಿದರೆ ನಿರಿಗೆ ಬೀಳುತ್ತದೆ. ನಿರಿಗೆ ಬಿದ್ದ 0.05 ಬ್ಲೇಡು 0.08ರ ಹಾಗೆ ವರ್ತಿಸುತ್ತದೆ. ಇನ್ನೊಂದು ಸೆಟ್ ತಂದಿಟ್ಟುಕೊಂಡೆ.

ಇಷ್ಟೆಲ್ಲ ಸರಿ ಮಾಡಿಯೂ ಅಂಕಿ ನಿಲ್ಲಲಿಲ್ಲ.

ಟೂಲ್‌ರೂಮಿನಲ್ಲಿ ಹೊಸ ಗೇಜ್ ಬಂದರೆ ನಾವು ಮಾಡುವ ಕೆಲಸವನ್ನೇ ಮಾಡಿದೆ. ಒಂದೇ ಅಳತೆಯನ್ನು ಹತ್ತು ಸಲ. ಪ್ರತಿ ಸಲ ಮೌತ್‌ಪೀಸ್ ಎತ್ತಿ, ಒರೆಸಿ, ಮತ್ತೆ ಇಟ್ಟು. 0.05 ಬ್ಲೇಡು ಎಡಗಡೆ 20ರಿಂದ 22.5ರ ನಡುವೆ ಎಲ್ಲೆಲ್ಲೋ ನಿಂತಿತು. 0.60 ಬ್ಲೇಡು 10.75ರಿಂದ 11.5ರೊಳಗೇ ಇತ್ತು.

ತೆಳು ಬ್ಲೇಡು ಯಾಕೆ ಇಷ್ಟು ಕುಣಿಯುತ್ತದೆ? ಬಾಗುವಿಕೆ ಶುರುವಾಗುವ ಜಾಗದಲ್ಲಿ ಅಂಚು ಬಹಳ ಮೆಲ್ಲಗೆ ಇಳಿಯುತ್ತದೆ. 0.05 ಬ್ಲೇಡು ನಿಲ್ಲುವಲ್ಲಿ ಇಳಿಜಾರು ಮಿ.ಮೀ.ಗೆ 0.023 ಮಾತ್ರ. ಅಲ್ಲಿ ಎತ್ತರ 0.01 ಬದಲಾದರೆ ಬ್ಲೇಡು ನಿಲ್ಲುವ ಜಾಗ 0.4 ಮಿ.ಮೀ.ಗಿಂತ ಜಾಸ್ತಿ ಸರಿಯುತ್ತದೆ. 0.90 ಬ್ಲೇಡಿನ ಹತ್ತಿರ ಅದೇ 0.01ಕ್ಕೆ ಸರಿಯುವುದು 0.1 ಅಷ್ಟೇ. ಸಮುದ್ರದ ದಂಡೆ ನೆನಪು ಮಾಡಿಕೊಳ್ಳಿ. ಚಪ್ಪಟೆ ದಂಡೆಯಲ್ಲಿ ನೀರು ನಾಲ್ಕು ಬೆರಳು ಏರಿದರೆ ಎಷ್ಟೋ ಅಡಿ ಒಳಗೆ ಬರುತ್ತದೆ. ಬಂಡೆಯ ಹತ್ತಿರ ಅದೇ ನಾಲ್ಕು ಬೆರಳು.

ಹಾಗಾದರೆ 2.5 ಮಿ.ಮೀ. ಕುಣಿತ ಅಂದರೆ ಎತ್ತರದಲ್ಲಿ 0.05ಕ್ಕಿಂತ ಸ್ವಲ್ಪ ಜಾಸ್ತಿ ಏನೋ ಅಲುಗುತ್ತಿದೆ. ಗಾಜಿನ ಮೇಲೆ ಮೌತ್‌ಪೀಸ್ ಇಟ್ಟು, ಕಿಟಕಿಯ ಹತ್ತಿರ ಬೆರಳಿಂದ ಒತ್ತಿ ಹಿಡಿದು, ಹಿಂದಿನ ಬುಡದ ಕಡೆಯಿಂದ 0.05 ಬ್ಲೇಡು ತೂರಿಸಿದೆ. ಸರಕ್ಕನೆ ಒಳಗೆ ಹೋಯಿತು. ಟೇಬಲಿನ ಅಡಿಗೇ ಹೋಯಿತು!

ಟೇಬಲ್ ಚಪ್ಪಟೆ ಇರಲಿಲ್ಲ. ನಡುವೆ ಉಬ್ಬಿತ್ತು. ಒಂದು ಕಾಲು ಗಿಡ್ಡ ಇರುವ ಮಂಚದ ಹಾಗೆ, ಎಲ್ಲಿ ಒತ್ತುತ್ತೇನೋ ಆ ಕಡೆ ವಾಲುತ್ತಿತ್ತು. ಮೊದಲ ದಿನ ನನ್ನ ಹೆಬ್ಬೆರಳು ಎಡಗಡೆಗೆ ಇತ್ತೋ, ಬಲಗಡೆಗೆ ಇತ್ತೋ, ಯಾರಿಗೆ ಗೊತ್ತು. ಬಲದ ಅಂಚು ಎತ್ತರ ಇರಲೇ ಇಲ್ಲ. ಇಲ್ಲದ ರೋಗಕ್ಕೆ ಮದ್ದು ಕೊಟ್ಟು ಇದ್ದ ಅಂಚನ್ನು ಸವೆಸಿದ್ದೆ. ರೀಡಿಗೂ ಅದೇ ಗತಿ. ರೀಡನ್ನು ಕಟ್ಟಿ ಹಿಡಿಯುವ ಲಿಗೇಚರ್ ಬಿಗಿದ ಹಾಗೆ ರೀಡ್ ಉಬ್ಬಿನ ಮೇಲೆ ಬಾಗಿ, ಪಕ್ಕದಲ್ಲಿ ಗಾಳಿಗೆ ದಾರಿ ಬಿಡುತ್ತಿತ್ತು.

ಉಬ್ಬು ಎಲ್ಲಿ ಅಂತ ಕಣ್ಣಿಗೆ ಕಾಣಬೇಕಲ್ಲ. ಶಾಪಿನಲ್ಲಾದರೆ ಸರ್ಫೇಸ್ ಪ್ಲೇಟಿಗೆ, ಅಂದರೆ ಅಳತೆಗೆಂದೇ ತೀರಾ ಸಮತಲ ಮಾಡಿದ ಹಲಗೆಗೆ, ತೆಳ್ಳಗೆ ನೀಲಿ ಬಣ್ಣ ಹಚ್ಚಿ ಜಾಬನ್ನು ತಾಗಿಸುತ್ತೇವೆ, ಎತ್ತರದ ಜಾಗಕ್ಕೆ ಮಾತ್ರ ನೀಲಿ ಹತ್ತುತ್ತದೆ. ಭಾವನಿಗೆ ಫೋನ್ ಮಾಡಿ ಹೇಳಿದೆ.

"ಬಾಯಿಗೆ ಇಡುವ ವಸ್ತು ಮಾರಾಯ! ಎಂತೆಂತದೋ ಹಚ್ಚಬೇಡ."

ಅವರ ಮಾತೂ ಸರಿ. ಸಂಜೆ ಅಕ್ಕನ ಹತ್ತಿರ ಹಳೆಯ ಲಿಪ್‌ಸ್ಟಿಕ್ ಕೇಳಿ ತಂದು, ಗಾಜಿನ ಮೇಲೆ ಬೆರಳಿಂದ ಬಳಿದು, ಕಾಣಿಯೂ ಕಾಣದ ಹಾಗೆ ಒರೆಸಿದೆ. ಮೌತ್‌ಪೀಸ್ ಇಟ್ಟು ಒಂದು ಕೂದಲೆಳೆಯಷ್ಟು ಸರಿಸಿ ಎತ್ತಿದೆ. ಟೇಬಲಿನ ನಡುವೆ, ಸ್ವಲ್ಪ ಬಲಕ್ಕೆ, ಗೋಡಂಬಿಯಷ್ಟು ದೊಡ್ಡ ಕೆಂಪು ಗುರುತು. ಉಳಿದದ್ದೆಲ್ಲ ಕಪ್ಪು. ನಾಲ್ಕು ದಿನ ಅಂಕಿಗಳ ಹಿಂದೆ ಓಡಿದವನಿಗೆ ಆ ಗುರುತು ನೋಡಿ ನಗು ಬಂತು. ಒರೆಸಲಿಕ್ಕೆ ಸೋಪು ಸಾಕಾಯಿತು. ಬಿಸಿ ನೀರು ಮಾತ್ರ ಹಾಕಬಾರದು, ಎಬೊನೈಟ್ ಬಣ್ಣಗೆಟ್ಟು ಹಸಿರುಗಂದು ಆಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕೆಲವು ತಯಾರಕರು ಟೇಬಲಿನ ನಡುವೆ ಬೇಕೆಂದೇ ಸ್ವಲ್ಪ ತಗ್ಗು ಬಿಡುತ್ತಾರೆ. ಅದು ದೋಷ ಅಲ್ಲ. ನಾಲ್ಕು ಸುತ್ತ ಗುರುತು ಹತ್ತಿ ನಡುವೆ ಬರಿದಿದ್ದರೆ ಗಾಜು ಅಲುಗುವುದಿಲ್ಲ, ರೀಡೂ ಕೂರುತ್ತದೆ. ಅದನ್ನು ಉಜ್ಜಲಿಕ್ಕೆ ಹೋಗಬೇಡಿ. ಉಬ್ಬಿನ ಕತೆ ಬೇರೆ.

ತುದಿಯ ಅಳತೆ ಡಯಲ್ ಗೇಜಿನಲ್ಲಿ

ಟೇಬಲ್ ಅಲುಗುವಾಗ ತುದಿಯ ಅಳತೆಗೂ ಅರ್ಥ ಇಲ್ಲ. ಗಾಜು ಹಿಡಿದು, ಬ್ಲೇಡು ಜೋಡಿಸಿ ನೋಡಿದಾಗ 1.76ರಿಂದ 1.92ರವರೆಗೆ ಏನು ಬೇಕಾದರೂ ಬರುತ್ತಿತ್ತು. ಹಾಗಾಗಿ ಮೊದಲು ಟೇಬಲ್ ಸರಿ ಮಾಡಿದೆ. ಗಾಜಿನ ಮೇಲೆ 600ರ ಪೇಪರ್ ಒದ್ದೆ ಮಾಡಿ ಅಂಟಿಸಿ, ಮೌತ್‌ಪೀಸನ್ನು ನೇರ ಹಿಡಿದು ಒಂದೇ ದಿಕ್ಕಿಗೆ ಎಳೆಯುವುದು. ಮೂರು ಎಳೆತ, ತೊಳೆ, ಲಿಪ್‌ಸ್ಟಿಕ್, ನೋಡು. ಮೂರು ಎಳೆತ, ತೊಳೆ, ನೋಡು. ಒಣಗಿ ಉಜ್ಜಿದರೆ ಗಂಧಕದ ನಾತ ಬರುವ ಧೂಳು ಏಳುತ್ತದೆ, ಅದು ಮೂಗಿಗೆ ಹೋಗಬಾರದು. ಗೋಡಂಬಿ ಹಿಗ್ಗಿ ಹಿಗ್ಗಿ ಇಡೀ ಟೇಬಲ್ ತಿಳಿಗೆಂಪು ಆದ ಮೇಲೆ 1200ರ ಪೇಪರಿನಲ್ಲಿ ನಾಲ್ಕು ಎಳೆತ. ಈಗ ಗಾಜಿನ ಮೇಲೆ ಇಟ್ಟರೆ ಕಲ್ಲಿನ ಹಾಗೆ ಕೂತಿತು. 0.05 ಬ್ಲೇಡಿನ ಹತ್ತು ಅಳತೆಯೂ 0.3 ಮಿ.ಮೀ. ಒಳಗೇ ಬಂತು.

ತುದಿಗೆ ನಾನು ನಂಬುವುದು ಮುಳ್ಳು ಸರಿದು ಅಳತೆ ತೋರಿಸುವ ಡಯಲ್ ಗೇಜನ್ನು. ಚಪ್ಪಟೆ ಉಕ್ಕಿನ ಪಟ್ಟಿಗೆ ತೂತು ಕೊರೆದು, 0.01 ಮಿ.ಮೀ.ವರೆಗೆ ಓದುವ ಡಯಲನ್ನು ಅದರಲ್ಲಿ ನಿಲ್ಲಿಸಿದೆ. ಪಟ್ಟಿಯನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು ಸೊನ್ನೆ ಮಾಡುವುದು, ಆಮೇಲೆ ಪಟ್ಟಿಯನ್ನು ಟೇಬಲಿನ ಮೇಲಿಟ್ಟು ಡಯಲಿನ ಮೂತಿಯನ್ನು ತುದಿಗೆ ಇಳಿಸುವುದು. ಎಷ್ಟು ಇಳಿಯಿತೋ ಅಷ್ಟು ಓಪನಿಂಗ್. ಗೇಜ್ ಸುಳ್ಳು ಹೇಳುತ್ತದಾ ಅಂತ 1.30 ಮತ್ತು 0.50ರ ಸ್ಲಿಪ್ ಗೇಜ್ (ಕರಾರುವಾಕ್ಕು ದಪ್ಪದ ಅಳತೆ ತುಂಡು) ಜೋಡಿಸಿ, ಆ 1.80ರ ಎತ್ತರವನ್ನು ಮೊದಲು ಅಳೆದು ನೋಡಿದೆ. ಸರಿ ಇತ್ತು. ಡಯಲಿನ ಜೊತೆ ಬರುವ ಗುಂಡು ಮೂತಿ ತುದಿಯ ಅಂಚಿನಿಂದ ಜಾರುತ್ತದೆ. ಚಪ್ಪಟೆ ಮೂತಿ ಹಾಕಿದರೆ ತುದಿಯ ಒಳ ಅಂಚಿಗೆ ಮೊದಲು ತಾಗಿ ಕಡಿಮೆ ಓದುತ್ತದೆ. ಕಡೆಗೆ ಉಳಿಯ ಬಾಯಿಯ ಹಾಗೆ ಸಪೂರ ಉಜ್ಜಿದ ಮೂತಿ ಮಾಡಿಕೊಂಡೆ, ಭೂತಗನ್ನಡಿ ಹಿಡಿದು ಅಂಚಿನ ಮೇಲೇ ಇಳಿಸಿದೆ. ಮೂರು ಸಲವೂ 1.76.

ಇದು ನಿರೀಕ್ಷೆ ಇದ್ದದ್ದೇ. ಟೇಬಲಿನಿಂದ ಎಷ್ಟು ತೆಗೆಯುತ್ತೇವೋ ತುದಿ ಹತ್ತಿರ ಹತ್ತಿರ ಅಷ್ಟೇ ಮುಚ್ಚುತ್ತದೆ. ಫೇಸಿಂಗೂ ಗಿಡ್ಡ ಆಗುತ್ತದೆ, ಯಾಕೆಂದರೆ ಬಾಗುವಿಕೆಯ ಮೊದಲ ಭಾಗ ಟೇಬಲಿಗೆ ಸೇರಿಹೋಯಿತು. 0.05 ಬ್ಲೇಡು ಈಗ 19.5ರಲ್ಲೇ ನಿಲ್ಲುತ್ತಿತ್ತು. ಅಂದರೆ ಹೊಸ ಬಾಗುವಿಕೆ ಹಾಕಲೇಬೇಕು. ಯಾವ ಅಳತೆಗೆ?

ಇಲ್ಲೊಂದು ಗುಂಡಿ ಇದೆ, ನಾನೂ ಬೀಳುವವನಿದ್ದೆ. ಇಂಚಿನ ಲೆಕ್ಕದವರು ಫೇಸಿಂಗ್ ಉದ್ದ ಹೇಳುವುದು .0015 ಇಂಚಿನ ಬ್ಲೇಡಿನಲ್ಲಿ. ಅದು 0.04 ಮಿ.ಮೀ.ಗಿಂತ ಒಂದು ಕೂದಲು ತೆಳು. ನಮ್ಮ ಗ್ಯಾರೇಜ್ ಸೆಟ್ ಶುರುವಾಗುವುದು 0.05ರಿಂದ. ಈ ಚಿಕ್ಕ ವ್ಯತ್ಯಾಸಕ್ಕೇ ಬ್ಲೇಡು ಅರ್ಧ ಮಿ.ಮೀ. ಮೊದಲು ನಿಲ್ಲುತ್ತದೆ. ಅವರ 22 ನಮ್ಮ ಬ್ಲೇಡಿನಲ್ಲಿ 21.5. ಸಾಲದು ಅಂತ ಬ್ರ್ಯಾಂಡ್ ಪದ್ಧತಿಯ ಗಾಜಿನಲ್ಲಿ ಗೆರೆ ಅರ್ಧ ಮಿ.ಮೀ.ಗೆ ಒಂದು. 22 ಮಿ.ಮೀ. ಅನ್ನುವುದನ್ನು ಅವರು 44 ಅಂತ ಬರೆಯುತ್ತಾರೆ. ಯಾವುದಾದರೂ ಚಾರ್ಟಿನಲ್ಲಿ 44 ಕಂಡರೆ ಗಾಬರಿ ಬೇಡ.

ಭಾವನಿಗೆ ಬೇಕಾದ್ದು ಹಳೆಯ 5 ನಂಬರಿನ ಹಿಡಿತ. ತುದಿ 1.80, ಉದ್ದ ಅವರ ಲೆಕ್ಕದ 22. ಇಡೀ ಬಾಗುವಿಕೆಯನ್ನು ಒಂದು ದೊಡ್ಡ ವೃತ್ತದ ತುಂಡು ಅಂತ ಇಟ್ಟುಕೊಂಡರೆ ಲೆಕ್ಕ ಸುಲಭ. ಈ ಎರಡು ಅಂಕಿಗೆ ಸರಿಹೊಂದುವ ವೃತ್ತದ ತ್ರಿಜ್ಯ ಸುಮಾರು 186 ಮಿ.ಮೀ. ನಿಜವಾದ ಬಾಗು ಶುರುವಾಗುವುದು ತುದಿಯಿಂದ 25.8ರಲ್ಲಿ. ಅಷ್ಟು ಒಳಗೆ ಯಾವ ಬ್ಲೇಡೂ ಹೋಗುವುದಿಲ್ಲ. ಅಲ್ಲಿಂದ ಪ್ರತಿ ಬ್ಲೇಡು ಎಲ್ಲಿ ನಿಲ್ಲಬೇಕು ಅಂತ ತೆಗೆದೆ. ತ್ರಿಜ್ಯದ ಎರಡರಷ್ಟನ್ನು ಬ್ಲೇಡಿನ ದಪ್ಪದಿಂದ ಗುಣಿಸಿ, ದಪ್ಪದ ವರ್ಗ ಕಳೆದು, ವರ್ಗಮೂಲ ತೆಗೆದರೆ ಬಾಗು ಶುರುವಾದಲ್ಲಿಂದ ಇರುವ ದೂರ ಸಿಗುತ್ತದೆ. ಅದನ್ನು 25.8ರಿಂದ ಕಳೆದರೆ ತುದಿಯಿಂದ ದೂರ. ಫೋನಿನ ಕ್ಯಾಲ್ಕುಲೇಟರ್ ಸಾಕು. ನನಗೆ ಬಂದದ್ದು ಹೀಗೆ: 0.05ಕ್ಕೆ 21.5, 0.25ಕ್ಕೆ 16.2, 0.60ಕ್ಕೆ 10.9, 0.90ಕ್ಕೆ 7.5, 1.25ಕ್ಕೆ 4.3. ಅಕ್ಕನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ.

ಉಜ್ಜಿದ್ದರ ಬಗ್ಗೆ ಜಾಸ್ತಿ ಹೇಳಲಿಕ್ಕೆ ಇಲ್ಲ. ಒದ್ದೆ ಪೇಪರಿನ ಮೇಲೆ ತುದಿಯ ಕಡೆಗೆ ಮೆಲ್ಲಗೆ ಉರುಳಿಸುತ್ತಾ ಎಳೆಯುವುದು. ಎಲ್ಲಿ ಒತ್ತಡ ಬೀಳುತ್ತದೋ ಅಲ್ಲಿ ಸವೆಯುತ್ತದೆ. ಎರಡೇ ಎಳೆತಕ್ಕೆ 0.25 ಬ್ಲೇಡು ಅರ್ಧ ಮಿ.ಮೀ. ಸರಿಯುವುದೂ ಉಂಟು. ಹಾಗಾಗಿ ಪ್ರತಿ ಸಲ ಅಳೆದು ಬರೆಯಲೇಬೇಕು. ನನ್ನ ಒಂದು ಉಪಾಯ ಹೇಳುತ್ತೇನೆ. ಮೌತ್‌ಪೀಸಿನ ಎಡ ಪಕ್ಕಕ್ಕೆ ಕೆಂಪು ಟೇಪ್ ತುಂಡು ಅಂಟಿಸಿದ್ದೆ. ಗಾಜಿನ ಮೇಲೆ ಬೋರಲು ಇಟ್ಟು ಅಳೆಯುವಾಗ ಒಂದು ಕಡೆ, ಪೇಪರಿಗೆ ತರುವಾಗ ಇನ್ನೊಂದು ಕಡೆ, ಎಡ ಬಲ ಅದಲುಬದಲಾಗಿ ತಪ್ಪು ಅಂಚನ್ನು ಉಜ್ಜಿಬಿಡುತ್ತೇವೆ. ಟೇಪ್ ಇದ್ದೂ ನಾನು ಒಮ್ಮೆ ತಪ್ಪಿದೆ. ಬ್ಲೇಡನ್ನು ನೂಕಬಾರದು ಕೂಡ. ಎಬೊನೈಟ್ ಮೆದು, ಉಕ್ಕಿನ ಅಂಚು ಅದರಲ್ಲಿ ಗೀರು ಬಿಡುತ್ತದೆ. ತಾಗಿದ್ದು ಬೆರಳಿಗೆ ಗೊತ್ತಾದ ಕೂಡಲೇ ನಿಲ್ಲಿಸಬೇಕು.

ಎರಡು ಸಂಜೆ ಹೋಯಿತು. ಕೊನೆಯ ಅಳತೆ: 0.05 ಎಡಬಲ 21.5, 0.25 ಎಡ 16 ಬಲ 16.25, 0.60 ಎರಡೂ 11, 0.90 ಎರಡೂ 7.5, 1.25 ಎರಡೂ 4.25. ತುದಿ 1.79. 0.25ರಲ್ಲಿ ಉಳಿದ ಕಾಲು ಮಿ.ಮೀ.ಗೆ ಕೈ ತುರಿಸಿತು. ಆದರೆ ನನ್ನ ಅಳತೆಯೇ 0.3 ಆಚೀಚೆ ಆಗುತ್ತದೆ ಅಂತ ಹತ್ತು ಸಲ ಅಳೆದು ಗೊತ್ತಾಗಿತ್ತಲ್ವಾ? ಕಾಣುವ ವ್ಯತ್ಯಾಸ ಮೌತ್‌ಪೀಸಿನದ್ದೋ ನನ್ನದೋ ಹೇಳಲಿಕ್ಕೆ ಆಗುವುದಿಲ್ಲ. ಬಿಟ್ಟೆ.

ಇಷ್ಟಕ್ಕೆ ಏನೇನು ಬೇಕಾಯಿತು ಅಂತ ಕೇಳುವವರಿಗೆ: ಫಿಲ್ಲರ್ ಸೆಟ್ ಎರಡು, ದಪ್ಪ ಗಾಜು, ಒಳ್ಳೆಯ ಸ್ಟೀಲ್ ಸ್ಕೇಲ್, ಭೂತಗನ್ನಡಿ, ಲಿಪ್‌ಸ್ಟಿಕ್. ಇದರಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಡಯಲ್ ಗೇಜ್ ಇದ್ದರೆ ತುದಿಗೆ ನೆಮ್ಮದಿ. ಇಲ್ಲದವರು ಗಾಜಿನ ಕೆಳಗೆ ಒರೆಸಿದ ಬ್ಲೇಡು ಜೋಡಿಸಿ ನೋಡಿದರೂ 0.02ರ ಒಳಗೆ ಬರುತ್ತದೆ, ಟೇಬಲ್ ಚಪ್ಪಟೆ ಇದ್ದರೆ. ಸಂದಿಗೆ ತುರುಕುವ ಟೇಪರ್ ಗೇಜ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದರ ಗೆರೆಗಳು ಈ ಕೆಲಸಕ್ಕೆ ತೀರಾ ಒರಟು. ಡಿಜಿಟಲ್ ವರ್ನಿಯರ್ ಮತ್ತೆ ಕಿಸೆಗೆ ಹೋಯಿತು.

ಭಾನುವಾರ ಬೆಳಿಗ್ಗೆ ಜೋರು ಮಳೆ. ಭಾವ ತಟ್ಟೆಯಿಂದ ಒಂದು ರೀಡ್ ತೆಗೆದು ಕಟ್ಟಿದರು. ಅವತ್ತು ಬೈದು ಬಿಸಾಡಿದ ಎರಡೂವರೆ ನಂಬರಿನದ್ದೇ. ಅಂಗೈ ಮುಚ್ಚಿ ಎಳೆದು, ಮೌತ್‌ಪೀಸನ್ನು ಕಣ್ಣ ಮುಂದೆ ಹಿಡಿದರು. ಒಂದು, ಎರಡು, ಮೂರು, ನಾಲ್ಕು. ಟಪ್. ನನ್ನ ಮುಖ ನೋಡಿದರು. ವಾದ್ಯಕ್ಕೆ ಸಿಕ್ಕಿಸಿ, ಕೆಳಗಿನ ಸ್ವರವನ್ನು ಮಗು ಮಲಗಿದ ಮನೆಯಲ್ಲಿ ಊದುವ ಹಾಗೆ ಊದಿದರು. ಬಂತು. ಅಲ್ಲಿಂದ ತುಟಿಯಲ್ಲೇ ಎಳೆದು ಮೇಲೆ ತೂಗಿಸಿದರು. ಅದೂ ಬಂತು. ಅರ್ಧ ಗಂಟೆ ನಿಲ್ಲಿಸಲೇ ಇಲ್ಲ. ಅಕ್ಕ ಒಳಗಿನಿಂದ ಚಹಾ ತಣ್ಣಗಾಯಿತು ಅಂತ ಎರಡು ಸಲ ಕೂಗಿದಳು.

ಚಹಾ ಕುಡಿಯುವಾಗ ಪೆಟ್ಟಿಗೆಯಿಂದ ಇನ್ನೊಂದು ಮೌತ್‌ಪೀಸ್ ತೆಗೆದು ನನ್ನ ಮುಂದೆ ಇಟ್ಟರು.

"ಇದು ಸ್ಪೇರ್. ಒಳ್ಳೆದೇ ಉಂಟು. ಆದ್ರೂ ಒಮ್ಮೆ ಮಾಡಿಕೊಡು."

ಗಾಜಿಗೆ ಲಿಪ್‌ಸ್ಟಿಕ್ ಬಳಿದು ಒರೆಸಿ, ಇಟ್ಟು, ಎತ್ತಿದೆ. ನಾಲ್ಕು ಸುತ್ತ ಕೆಂಪು, ನಡುವೆ ಬರಿದು. ಗಾಜಿನ ಮೇಲೆ ಎಲ್ಲಿ ಒತ್ತಿದರೂ ಅಲುಗಲಿಲ್ಲ. 0.05 ಬ್ಲೇಡು ಎಡಬಲ ಒಂದೇ ಕಡೆ ನಿಂತಿತು. ಐದು ಸಲ ನೋಡಿದೆ, ಸೋಪು ಹಚ್ಚಿ ತೊಳೆದು, ಒರೆಸಿ, ಅವರ ಕೈಗೆ ಕೊಟ್ಟೆ.

"ಎಂತ, ಏನೂ ಮಾಡಲಿಲ್ಲ?"

"ಇಲ್ಲ ಭಾವ. ಅಳೆದೆ."

ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.